ಮನೆಯಲ್ಲೇ ಕೂಲಂಟ್ ಬದಲಿಸಿದೆ. ಲೆಕ್ಕ ತಪ್ಪಿತಾ?

ಹಗರಿ ದಂಡೆ, ಬಳ್ಳಾರಿ | ಏಪ್ರಿಲ್ 13, ರಾತ್ರಿ 9:10

ಎರಡು ದಿನ ರಜೆ ಹಾಳು ಮಾಡಿಕೊಂಡು ಕೂಲಂಟ್, ಅಂದರೆ ಎಂಜಿನ್ ತಂಪಾಗಿಡೋ ದ್ರವ, ಬದಲಿಸೋ ಕೆಲಸ ಕಲಿತೆ. ಹಂಚಿಕೊಳ್ಳೋಣ ಅಂತ ಬರೆಯುತ್ತಿದ್ದೇನೆ.

ನನ್ನದು 2013ರ ಸಣ್ಣ ಪೆಟ್ರೋಲ್ ಕಾರು, ಸೆಕೆಂಡ್ ಹ್ಯಾಂಡ್. ಜೀನ್ಸ್ ಹೊಲಿಗೆ ಕೆಲಸದ ಮೇಲೆ ವಾರಕ್ಕೆರಡು ಸಲ ಸಿರುಗುಪ್ಪಕ್ಕೆ ಓಡಾಟ. ಹೋದ ವಾರ ಮಧ್ಯಾಹ್ನ ವಾಪಸ್ ಬರುವಾಗ ಭತ್ತದ ಲಾರಿಗಳ ಸಾಲಿನ ಹಿಂದೆ ಸಿಕ್ಕಿಹಾಕಿಕೊಂಡೆ. ಎಸಿ ಓಡುತ್ತಿತ್ತು, ಹೊರಗೆ 41 ಡಿಗ್ರಿ. ಎಂಜಿನ್ ಬಿಸಿ ತೋರಿಸೋ, ಯಾವತ್ತೂ ಅರ್ಧ ದಾಟದ ಮುಳ್ಳು ಮುಕ್ಕಾಲಿಗೆ ಹತ್ತಿತು. ಎಸಿ ಆಫ್ ಮಾಡಿದ ಮೇಲೆ ಇಳಿಯಿತು.

ಮರುದಿನ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಕ್ಯಾಪ್ ತೆಗೆದೆ. ಒಳಗೆ ಹಸಿರೂ ಇಲ್ಲ, ನೀಲಿಯೂ ಇಲ್ಲ. ಚಹಾ ಬಣ್ಣ. ಬೆರಳು ಅದ್ದಿದರೆ ಸಂಡೂರಿನ ಮಣ್ಣು ಮುಟ್ಟಿದ ಹಾಗೆ ಕೆಂಪಗಾಯಿತು. ಕ್ಯಾಪಿನ ಒಳಗೆ ಬಿಳಿ ಪದರ, ಗೀಸರ್ ಕಾಯಿಲ್ ಮೇಲೆ ಕಟ್ಟಿಕೊಳ್ಳುತ್ತಲ್ಲ, ಅದೇ. ಹಿಂದಿನ ಮಾಲೀಕರು ಬೋರಿನ ನೀರನ್ನೇ ಹಾಕಿಕೊಂಡು ಬಂದಿದ್ದಾರೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಶನಿವಾರ ಬೆಳಿಗ್ಗೆ 6ಕ್ಕೆ ಶುರು ಮಾಡಿದೆ. ಹೀಟರ್ ಗುಂಡಿ ಪೂರ್ತಿ ಕೆಂಪಿಗೆ ತಿರುಗಿಸಿಟ್ಟೆ. ರೇಡಿಯೇಟರ್ ಕೆಳಗಿನ ಪ್ಲಾಸ್ಟಿಕ್ ಡ್ರೈನ್ ತಿರುಪು ಕೈಗೆ ಬಗ್ಗಲಿಲ್ಲ. ಪಕ್ಕಡ ಹಾಕಿದರೆ ಮುರಿಯುತ್ತೆ ಅಂತ ಹೆದರಿ ಕೆಳಗಿನ ಹೋಸ್ ಪೈಪನ್ನೇ ಬಿಚ್ಚಿದೆ. ಕ್ಲಿಪ್ಪು ಹಿಂದಕ್ಕೆ ಸರಿಸಿದ ಮೇಲೆ ಪೈಪನ್ನು ಎಳೆಯಬೇಡಿ, ಮೊದಲು ಅತ್ತಿತ್ತ ತಿರುಚಿ. ವರ್ಷಗಟ್ಟಲೆ ಅಂಟಿಕೊಂಡಿದ್ದ ರಬ್ಬರು ಚಟ್ ಅಂತ ಬಿಟ್ಟಿತು, ಕೆಂಪು ನೀರು ಮೊಣಕೈವರೆಗೆ ಬಂತು. ಅರ್ಧ ಟಬ್ಬಿಗೆ, ಉಳಿದರ್ಧ ನನಗೆ.

ಆಮೇಲೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರು ತುಂಬಿಸಿ, ಫ್ಯಾನ್ ಒಂದು ಸಲ ತಿರುಗುವವರೆಗೆ ಎಂಜಿನ್ ಓಡಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ಖಾಲಿ ಮಾಡಿದೆ. ಹೀಗೆ ನಾಲ್ಕು ಸಲ, ಎರಡು ದಿನ. ಮೊದಲ ಸಲ ಬಂದಿದ್ದು ಡಿಕಾಕ್ಷನ್, ಆಮೇಲೆ ಹಾಲು ಹಾಕಿದ ಚಹಾ, ಆಮೇಲೆ ನಿಂಬೆ ಶರಬತ್ತು, ಕೊನೆಗೆ ನೀರು. ಇವತ್ತು ಸಂಜೆ ರೆಡಿ ಮಿಕ್ಸ್ ಕೂಲಂಟ್ ತುಂಬಿಸಿದೆ. ಡಬ್ಬಿ ಮೇಲೆ ನೀರು ಬೆರೆಸಬೇಡಿ ಅಂತ ಸ್ಪಷ್ಟವಾಗಿ ಇತ್ತು, ನಾನೂ ಬೆರೆಸಲಿಲ್ಲ. ನೀಟಾಗಿ ಮುಗೀತು. ಗ್ಯಾರೇಜಿನಲ್ಲಿ ಎರಡು ಸಾವಿರ ಕೇಳಿದ್ದರು, ನನಗೆ ಸಾವಿರದೊಳಗೆ ಆಯಿತು.

ಹೊಸಬ ಚಾಲಕ, ಕೊಪ್ಪಳ | ಏಪ್ರಿಲ್ 13, ರಾತ್ರಿ 9:32

ಸೂಪರ್ ಅಣ್ಣ! ನಾನೂ ಮಾಡಬೇಕು ಅಂತಿದ್ದೆ. ಒಂದು ಡೌಟು. ನಮ್ಮೂರಲ್ಲಿ ಮಂಜು ಬೀಳಲ್ಲ, ಹಿಮ ಇಲ್ಲ. ಕೂಲಂಟ್ ಅಂದರೆ ಹೆಪ್ಪುಗಟ್ಟದ ಹಾಗೆ ತಡೆಯೋದು ತಾನೇ? ನಮಗ್ಯಾಕೆ?

ಭತ್ತದ ಕಣಜ, ಗಂಗಾವತಿ | ಏಪ್ರಿಲ್ 13, ರಾತ್ರಿ 9:51

ಅದೇ ಮಾತು. ನಮ್ಮ ಮಾವನವರು ಹಳೇ ಜೀಪಿಗೆ ಇಪ್ಪತ್ತು ವರ್ಷ ಎಡದಂಡೆ ಕಾಲುವೆ ನೀರು ಹಾಕಿದ್ದಾರೆ. ಜೀಪು ಇವತ್ತಿಗೂ ಓಡುತ್ತೆ. ಈ ಬಣ್ಣದ ನೀರೆಲ್ಲ ಕಂಪನಿಯವರ ವ್ಯಾಪಾರ ಅಲ್ವಾ?

ಗ್ಯಾರೇಜ್ ಕಾಕಾ, ರಾಯಚೂರು | ಏಪ್ರಿಲ್ 13, ರಾತ್ರಿ 10:20

ಹಗರಿ ತಮ್ಮಾ, ಕೆಲಸ ಚೆಂದ ಮಾಡಿದ್ದೀಯ. ಪ್ಲಾಸ್ಟಿಕ್ ತಿರುಪಿಗೆ ಪಕ್ಕಡ ಹಾಕಲಿಲ್ಲ ನೋಡು, ಅಲ್ಲೇ ಅರ್ಧ ಮೆಕ್ಯಾನಿಕ್ ಆದೆ. ಈಗ ಒಂದೇ ಪ್ರಶ್ನೆ. ನಿನ್ನ ಕಾರಿನ ಪುಸ್ತಕದಲ್ಲಿ ಒಟ್ಟು ಎಷ್ಟು ಲೀಟರ್ ಅಂತ ಬರೆದಿದೆ? ಕೊನೆಗೆ ಡಬ್ಬಿಯಿಂದ ಎಷ್ಟು ಒಳಗೆ ಹೋಯಿತು?

ಹಗರಿ ದಂಡೆ, ಬಳ್ಳಾರಿ | ಏಪ್ರಿಲ್ 13, ರಾತ್ರಿ 10:34

ಪುಸ್ತಕದಲ್ಲಿ 4.6 ಲೀಟರ್ ಇದೆ ಕಾಕಾ, ರಿಸರ್ವ್ ಡಬ್ಬಿ ಸೇರಿ. ಒಳಗೆ ಹೋಗಿದ್ದು ಸುಮಾರು 2.6. ಮೂರು ಲೀಟರ್ ತಂದಿದ್ದೆ, ಒಂದಿಷ್ಟು ಉಳಿಯಿತು. ಉಳಿಯಿತಲ್ಲ ಅಂತ ಖುಷಿಯಾಗಿತ್ತು, ಈಗ ನೀವು ಕೇಳಿದ ಮೇಲೆ ಯಾಕೋ ಹೊಟ್ಟೆಯಲ್ಲಿ ಕಸಿವಿಸಿ.

ಗ್ಯಾರೇಜ್ ಕಾಕಾ, ರಾಯಚೂರು | ಏಪ್ರಿಲ್ 13, ರಾತ್ರಿ 10:58

ಕಸಿವಿಸಿ ಆಗಬೇಕಾದದ್ದೇ. ಉಳಿದ 2 ಲೀಟರ್ ಎಲ್ಲಿ?

ಎಂಜಿನ್ ಬ್ಲಾಕಿನಲ್ಲಿ, ಕಾರೊಳಗೆ ಬಿಸಿ ಗಾಳಿ ಕೊಡೋ ಹೀಟರ್ ಕೋರಿನಲ್ಲಿ. ಕೆಳಗಿನ ಪೈಪು ಬಿಚ್ಚಿದರೆ ರೇಡಿಯೇಟರ್ ಖಾಲಿಯಾಗುತ್ತೆ, ಬ್ಲಾಕ್ ಖಾಲಿಯಾಗೋದಿಲ್ಲ. ಕೆಲವು ಎಂಜಿನ್‌ಗಳಲ್ಲಿ ಬ್ಲಾಕಿಗೂ ಒಂದು ಡ್ರೈನ್ ಬೋಲ್ಟ್ ಇರುತ್ತೆ. ಹಳೇ ಕಾರಿನಲ್ಲಿ ಅದು ತುಕ್ಕು ಹಿಡಿದು ಕೂತಿರುತ್ತೆ, ಮನೆಯಲ್ಲಿ ಅದರ ತಂಟೆಗೆ ಹೋಗೋದು ಬೇಡ.

ಅಂದರೆ ಒಳಗೆ ಕೂತಿರೋದು ನೀನೇ ತೊಳೆದ 2 ಲೀಟರ್ ಬರೀ ನೀರು. ಅದರ ಮೇಲೆ 2.6 ಲೀಟರ್ ರೆಡಿ ಮಿಕ್ಸ್ ಹಾಕಿದ್ದೀಯ. ರೆಡಿ ಮಿಕ್ಸ್‌ನಲ್ಲಿ ಅರ್ಧ ನೀರು, ಅರ್ಧ ಅಸಲಿ ಕೂಲಂಟ್. ಅಸಲಿ ಬಂದಿದ್ದು 1.3 ಲೀಟರ್. ಒಟ್ಟು 4.6ರಲ್ಲಿ 1.3 ಅಂದರೆ ಶೇ. 28. ಡಬ್ಬಿ ನೀರು ಬೆರೆಸಬೇಡ ಅಂದಿತು, ನೀನು ಬೆರೆಸಲಿಲ್ಲ, ಕಾರು ಬೆರೆಸಿಕೊಂಡಿತು.

ನಮ್ಮ ಹುಡುಗರೂ ಇದೇ ತಪ್ಪು ಮಾಡುತ್ತಾರೆ. ರೆಡಿ ಮಿಕ್ಸ್ ಇರೋದು ಕಡಿಮೆಯಾದದ್ದನ್ನು ತುಂಬಿಸೋಕೆ, ಇಲ್ಲಾ ಪೂರ್ತಿ ಒಣಗಿದ ಸಿಸ್ಟಮ್‌ಗೆ. ನೀರಲ್ಲಿ ತೊಳೆದ ಮೇಲೆ ಕಾನ್ಸನ್‌ಟ್ರೇಟ್ ತಗೋಬೇಕು. 4.6ರ ಅರ್ಧ 2.3 ಲೀಟರ್ ಗಟ್ಟಿ ಕೂಲಂಟ್ ಮೊದಲು ಹಾಕು, ಉಳಿದ ಜಾಗಕ್ಕೆ ಡಿಸ್ಟಿಲ್ಡ್ ನೀರು. ಒಳಗಿರೋ ನೀರನ್ನು ಲೆಕ್ಕಕ್ಕೆ ತಗೋ, ಅದು ನಿನ್ನ ಪಾಲಿನ ನೀರೇ.

ಶಕ್ತಿನಗರ ಪಾಳಿ, ರಾಯಚೂರು | ಏಪ್ರಿಲ್ 14, ಬೆಳಿಗ್ಗೆ 6:45

ರಾತ್ರಿ ಪಾಳಿ ಮುಗಿಸಿ ಬಂದು ಇದನ್ನು ಓದಿದೆ, ನಿದ್ದೆಗೆ ಮುಂಚೆ ಬರೆದೇ ಬಿಡುತ್ತೇನೆ. ನೀರಿನ ವಿಷಯ ನನ್ನ ಹೊಟ್ಟೆಪಾಡು.

ಕಣಜ ಸರ್ ಹೇಳಿದ್ದರಲ್ಲಿ ಒಂದು ಅಂಶ ನಿಜ. ಶಾಖ ಹೊರೋದರಲ್ಲಿ ಬರೀ ನೀರೇ ಮೇಲು, ಕೂಲಂಟಿನ ಮುಖ್ಯ ದ್ರವವಾದ ಗ್ಲೈಕಾಲ್ ಬೆರೆಸಿದಷ್ಟೂ ಆ ಶಕ್ತಿ ಸ್ವಲ್ಪ ಇಳಿಯುತ್ತೆ. ಅದಕ್ಕೇ ನೂರಕ್ಕೆ ನೂರು ಕೂಲಂಟ್ ಹಾಕಿದರೆ ಎಂಜಿನ್ ಜಾಸ್ತಿ ಕಾಯುತ್ತೆ. ಗಟ್ಟಿ ಹಾಕಿದರೆ ಗಟ್ಟಿ ತಂಪು ಅನ್ನೋದು ಸುಳ್ಳು.

ಆದರೆ ನೀರು 100 ಡಿಗ್ರಿಗೆ ಕುದಿಯುತ್ತೆ. ಅರ್ಧಕ್ಕರ್ಧ ಮಿಶ್ರಣ ಸುಮಾರು 107ಕ್ಕೆ. ಅದರ ಮೇಲೆ ರೇಡಿಯೇಟರ್ ಕ್ಯಾಪ್ ಒತ್ತಡ ಕಟ್ಟುತ್ತೆ, ಕುಕ್ಕರ್ ಥರ. ಒಂದು ಬಾರ್ ಒತ್ತಡಕ್ಕೆ ಇನ್ನೂ 20 ಡಿಗ್ರಿ ಮೇಲೆ ಹೋಗುತ್ತೆ. ಲಾರಿ ಹಿಂದೆ ನಿಂತಾಗ ಎಂಜಿನ್ ಒಳಗಿನ ಬಿಸಿ ಜಾಗಗಳಲ್ಲಿ ನೀರು ಗುಳ್ಳೆಯೇಳದ ಹಾಗೆ ಹಿಡಿದಿಡೋದು ಈ ಎರಡು. ಹಿಮ ಬೀಳದ ಊರಿಗೂ ಕೂಲಂಟ್ ಬೇಕಾಗೋದು ಇದಕ್ಕೆ ಒಂದು, ತುಕ್ಕು ತಡೆಯೋಕೆ ಇನ್ನೊಂದು.

ಮಾವನವರ ಜೀಪು ಓಡಿದ್ದು ಸುಳ್ಳಲ್ಲ. ಆಗ ಎಂಜಿನ್ ಬೀಡು ಕಬ್ಬಿಣ, ರೇಡಿಯೇಟರ್ ತಾಮ್ರ ಹಿತ್ತಾಳೆ, ಒಳಗಿನ ಕೊಳವೆ ಅಗಲ. ಕಟ್ಟಿಕೊಂಡರೆ ರೇಡಿಯೇಟರ್ ಅಂಗಡಿಯವನು ಬಿಚ್ಚಿ ಸಲಾಕೆ ಹಾಕಿ ಬೆಸುಗೆ ಹಾಕಿಕೊಡುತ್ತಿದ್ದ. ಈಗ ಹೆಡ್ಡು ಅಲ್ಯೂಮಿನಿಯಂ, ರೇಡಿಯೇಟರ್ ಅಲ್ಯೂಮಿನಿಯಂ, ಎರಡು ಬದಿ ಟ್ಯಾಂಕು ಪ್ಲಾಸ್ಟಿಕ್. ಸಪೂರ ಕೊಳವೆ. ಮೇಲಾಗಿ ಅದು ಕಾಲುವೆ ನೀರು. ಮಳೆ ನೀರು ಹೊಳೆಗೆ ಬಂದು ಡ್ಯಾಮಿನಲ್ಲಿ ನಿಂತು ಬಂದದ್ದು. ನಮ್ಮ ಬೋರು ಹಾಗಲ್ಲ, ಅಪ್ಪಟ ಸವುಳು. ನನ್ನ ಹತ್ತಿರ ನೀರಿನಲ್ಲಿ ಕರಗಿದ ಲವಣ ಅಳೆಯೋ ಒಂದು ಟಿಡಿಎಸ್ ಮೀಟರ್ ಇದೆ. ನಮ್ಮ ಓಣಿಯ ಬೋರಿಗೆ ಅದ್ದಿದರೆ 1,300 ತೋರಿಸಿತು. ಆರ್‌ಒ ನೀರು 60. ಬ್ಯಾಟರಿ ನೀರು 4. ಕುಡಿಯೋ ನೀರಿನ ಐಎಸ್ 10500 ಮಾನದಂಡದಲ್ಲೇ 500 ದಾಟಬಾರದು ಅಂತಿದೆ, ಬೇರೆ ಗತಿ ಇಲ್ಲದಿದ್ದರೆ 2,000ವರೆಗೆ. ಮನುಷ್ಯ ಹೇಗೋ ಕುಡಿದುಕೊಳ್ಳುತ್ತಾನೆ, ರೇಡಿಯೇಟರ್‌ಗೆ ಆಗಲ್ಲ.

ಇಲ್ಲಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ 1985ರಿಂದ ಘಟಕಗಳು ಓಡುತ್ತಿವೆ. ಪಕ್ಕದಲ್ಲೇ ಕೃಷ್ಣೆ ಹರಿಯುತ್ತಿದ್ದಾಳೆ, ಆದರೂ ಬಾಯ್ಲರ್‌ಗೆ ಹೊಳೆ ನೀರು ಹಾಗೇ ಬಿಡೋದಿಲ್ಲ. ಉಪ್ಪು ತೆಗೆದೇ ಬಿಡೋದು. ಕಾರಣ ಅದೇ, ಬಿಸಿಯಾದ ಲೋಹದ ಮೇಲೆ ಸುಣ್ಣ ಕಟ್ಟುತ್ತೆ, ಸುಣ್ಣ ಶಾಖವನ್ನು ದಾಟೋಕೆ ಬಿಡಲ್ಲ.

ಭತ್ತದ ಕಣಜ, ಗಂಗಾವತಿ | ಏಪ್ರಿಲ್ 14, ಬೆಳಿಗ್ಗೆ 8:05

ಸರಿ, ಒಪ್ಪಿದೆ. ಮಾವನವರಿಗೆ ಮಾತ್ರ ಇದನ್ನು ಓದಿಸಲ್ಲ.

ಸಂಡೂರು ಧೂಳು, ಸಂಡೂರು | ಏಪ್ರಿಲ್ 14, ಬೆಳಿಗ್ಗೆ 10:40

ಪಾಳಿ ಸರ್, ಎಸಿಯಿಂದ ಹನಿ ಹನಿ ಬೀಳೋ ನೀರು ಆಗುತ್ತಾ? ನಮ್ಮ ಆಫೀಸಿನಲ್ಲಿ ದಿನಕ್ಕೊಂದು ಬಕೆಟ್ ತುಂಬುತ್ತೆ. ಇನ್ವರ್ಟರ್‌ಗೆ ಅದನ್ನೇ ಹಾಕೋದು.

ಇನ್ನೊಂದು ವಿಷಯ. ನನ್ನ ಕಾರು ಕಾದಾಗ ಇಲ್ಲಿಯ ಮೆಕ್ಯಾನಿಕ್ ಒಬ್ಬರು ಥರ್ಮೋಸ್ಟ್ಯಾಟ್ ವಾಲ್ವ್ ತೆಗೆದು ಬಿಸಾಕಿದರು. ನಮ್ಮ ಬಿಸಿಲಿಗೆ ಅದು ಬೇಡವೇ ಬೇಡ ಅಂದರು. ಎಲ್ಲರ ಗಾಡಿಯಲ್ಲೂ ತೆಗೀತಾರಂತೆ. ತೆಗೆದ ಮೇಲೆ ಹೈವೇನಲ್ಲಿ ಮುಳ್ಳು ಮೇಲೇಳೋದೇ ಇಲ್ಲ. ಊರೊಳಗೆ ಮಾತ್ರ ಮತ್ತೆ ಕಾಯುತ್ತೆ.

ಶಕ್ತಿನಗರ ಪಾಳಿ, ರಾಯಚೂರು | ಏಪ್ರಿಲ್ 14, ಮಧ್ಯಾಹ್ನ 2:15

ಎಸಿ ನೀರಿನಲ್ಲಿ ಸುಣ್ಣ ಇರಲ್ಲ, ಅದು ನಿಜ. ಆದರೆ ಕಾಯಿಲ್ ಮೇಲಿನ ಧೂಳು, ಪಾಚಿ, ಲೋಹದ ಕಣ ಎಲ್ಲ ತೊಳೆದುಕೊಂಡು ಬಂದಿರುತ್ತೆ. ಸಂಡೂರಿನ ಎಸಿ ಅಂದರೆ ಅದಿರಿನ ಧೂಳು ಬೇರೆ. ಐದು ಲೀಟರ್ ಡಿಸ್ಟಿಲ್ಡ್ ನೀರಿಗೆ ನೂರೋ ನೂರಿಪ್ಪತ್ತೋ ಆಗುತ್ತೆ. ಅಷ್ಟಕ್ಕೆ ಯಾಕೆ ಜುಗ್ಗತನ? ಅಂಗಡಿಯಲ್ಲಿ ಕೇಳುವಾಗ ಮಾತ್ರ ಎಚ್ಚರ, ಬ್ಯಾಟರಿ ನೀರು ಅಂದರೆ ಕೆಲವು ಕಡೆ ಆಸಿಡ್ ಬಾಟಲಿ ಕೊಡುತ್ತಾರೆ. ಲೇಬಲ್ ಓದಿ.

ಗ್ಯಾರೇಜ್ ಕಾಕಾ, ರಾಯಚೂರು | ಏಪ್ರಿಲ್ 14, ರಾತ್ರಿ 9:05

ಥರ್ಮೋಸ್ಟ್ಯಾಟ್ ಮಾತು ಬಂತಲ್ಲ, ಇವತ್ತು ಕೂತು ಬರೆಯುತ್ತೇನೆ. ನಾನೂ ಒಂದು ಕಾಲದಲ್ಲಿ ತೆಗೆದು ಎಸೆದವನೇ. ಸಂಡೂರಿನ ಮೆಕ್ಯಾನಿಕ್‌ಗೆ ಬೈಯೋ ಹಕ್ಕು ನನಗಿಲ್ಲ.

ವಾಲ್ವ್ ಏನು ಮಾಡುತ್ತೆ? ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ದಾರಿ ಮುಚ್ಚಿ, ನೀರನ್ನು ಬೈಪಾಸ್ ಪೈಪಿನಲ್ಲಿ ಎಂಜಿನ್ ಒಳಗೇ ಸುತ್ತಿಸುತ್ತೆ. 82 ಅಥವಾ 88, ಅದರ ಮೇಲೆ ಒತ್ತಿದ ಡಿಗ್ರಿ ಬಂದಾಗ ರೇಡಿಯೇಟರ್ ಬಾಗಿಲು ತೆರೆಯುತ್ತೆ. ಬಹಳ ಎಂಜಿನ್‌ಗಳಲ್ಲಿ ಅದೇ ವಾಲ್ವಿನ ಇನ್ನೊಂದು ತುದಿ ಆಗ ಬೈಪಾಸ್ ಬಾಗಿಲು ಮುಚ್ಚುತ್ತೆ. ಒಂದೇ ವಾಲ್ವು, ಎರಡು ಬಾಗಿಲು. ಅದನ್ನು ತೆಗೆದು ಬಿಸಾಕಿದರೆ ಎರಡೂ ಬಾಗಿಲು ಸದಾ ತೆರೆದೇ. ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಕಡೆ ತಿರುಗಿಯೂ ನೋಡದೆ ಬೈಪಾಸ್‌ನಲ್ಲಿ ವಾಪಸ್ ಎಂಜಿನ್‌ಗೆ ಹೋಗುತ್ತೆ. ಹೈವೇ ಗಾಳಿಗೆ ಅದು ಗೊತ್ತಾಗಲ್ಲ. ಊರೊಳಗೆ ನಿಂತಾಗ ಗೊತ್ತಾಗುತ್ತೆ. ನಿಮಗೆ ಆಗುತ್ತಿರೋದು ಅದೇ ಇರಬಹುದು.

ಹೈವೇನಲ್ಲಿ ಮುಳ್ಳು ಮೇಲೇಳಲ್ಲ ಅಂತ ಖುಷಿಪಡಬೇಡಿ. ತಣ್ಣಗಿನ ಎಂಜಿನ್ ಪೆಟ್ರೋಲು ಜಾಸ್ತಿ ಕುಡಿಯುತ್ತೆ, ಆಯಿಲ್ ಬೇಗ ಕೆಡುತ್ತೆ.

ಹೊಸ ವಾಲ್ವ್ ತಂದರೆ ಹಾಕೋ ಮುಂಚೆ ಪರೀಕ್ಷೆ ಮಾಡಿ. ಹಳೇ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ಇಳಿಬಿಟ್ಟು, ಒಲೆ ಹಚ್ಚಿ. ತಳಕ್ಕೆ ತಾಗಬಾರದು. ನೀರು ಕುದಿ ಬರೋ ಹೊತ್ತಿಗೆ ನಡುವಿನ ತಟ್ಟೆ ಮೆಲ್ಲಗೆ ಎದ್ದು ಬೆರಳು ತೂರುವಷ್ಟು ಬಾಯಿ ಬಿಡುತ್ತೆ. ನೋಡೋಕೆ ಬಲು ಚೆಂದ. ಮನೆಯಲ್ಲಿ ಚಹಾ ಪಾತ್ರೆ ಮಾತ್ರ ತಗೋಬೇಡಿ, ನನಗೆ ಅದರ ಅನುಭವ ಇದೆ.

ಹೊಸಬ ಚಾಲಕ, ಕೊಪ್ಪಳ | ಏಪ್ರಿಲ್ 14, ರಾತ್ರಿ 9:20

ಕಾಕಾ, ಕಾಕಿ ಬೈದರಾ 😄

ಗ್ಯಾರೇಜ್ ಕಾಕಾ, ರಾಯಚೂರು | ಏಪ್ರಿಲ್ 14, ರಾತ್ರಿ 9:23

ಪಾತ್ರೆ ಈಗ ಗ್ಯಾರೇಜಿನಲ್ಲೇ ಇದೆ.

ಕುಷ್ಟಗಿ ಅಕ್ಕ, ಕುಷ್ಟಗಿ | ಏಪ್ರಿಲ್ 15, ಬೆಳಿಗ್ಗೆ 7:30

ಹಗರಿ ಅವರೇ, ಹಳೇ ನೀರು ಏನು ಮಾಡಿದಿರಿ? ಟಬ್ಬು ಎಲ್ಲಿದೆ? ಎಲ್ಲರೂ ತುಂಬಿಸೋದರ ಬಗ್ಗೆಯೇ ಬರೆಯುತ್ತಿದ್ದೀರಿ.

ಮೂರು ವರ್ಷದ ಹಿಂದೆ ನಾನೇ ಕೂಲಂಟ್ ಬದಲಿಸೋಕೆ ಶುರು ಮಾಡಿದಾಗ ಟಬ್ಬನ್ನು ಹಿತ್ತಲಲ್ಲಿ ಬಿಟ್ಟು ಊಟಕ್ಕೆ ಹೋಗಿದ್ದೆ. ನಮ್ಮ ಓಣಿಯ ನಾಯಿ, ಮಕ್ಕಳೆಲ್ಲ ಕರಿಯ ಅಂತ ಕರೆಯುತ್ತಿದ್ದರು, ಬಂದು ನೆಕ್ಕಿದೆ. ಗ್ಲೈಕಾಲ್ ಸಿಹಿಯಾಗಿರುತ್ತೆ, ಅದಕ್ಕೇ ಕುಡಿಯುತ್ತವೆ. ಒಂದು ಗಂಟೆಯಲ್ಲಿ ಕುಡಿದವರ ಹಾಗೆ ಓಲಾಡಿತು, ವಾಂತಿ ಮಾಡಿತು. ಸಂಜೆ ಹೊತ್ತಿಗೆ ಎದ್ದು ಓಡಾಡಿತು. ಸದ್ಯ ಬದುಕಿತು ಅಂದುಕೊಂಡೆ. ಮರುದಿನ ಮೂತ್ರ ನಿಂತಿತು, ಮೂರನೇ ದಿನ ಹೋಯಿತು. ಪಶು ವೈದ್ಯರು ಆಮೇಲೆ ವಿವರಿಸಿದರು. ಯಕೃತ್ತಿನಲ್ಲಿ ಅದು ಆಮ್ಲವಾಗಿ ಬದಲಾಗಿ, ಕಿಡ್ನಿಯಲ್ಲಿ ಹರಳು ಕಟ್ಟುತ್ತಂತೆ. ಮೊದಲ ಕೆಲವು ಗಂಟೆಯಲ್ಲಿ ತಂದಿದ್ದರೆ ಏನಾದರೂ ಮಾಡಬಹುದಿತ್ತು ಅಂದರು. ನಡುವೆ ಸುಧಾರಿಸಿದ ಹಾಗೆ ಕಂಡಿದ್ದೇ ಮೋಸ ಮಾಡಿತು.

ಕುಡಿದದ್ದು ಕಂಡರೆ ಕಾಯಬೇಡಿ, ತಕ್ಷಣ ಕರೆದೊಯ್ಯಿರಿ. ದನಕರು, ಮಕ್ಕಳು, ಎಲ್ಲರಿಗೂ ಇದು ವಿಷವೇ. ನಾನಂತೂ ಈಗ ಟಬ್ಬು ಎತ್ತಿ ಕ್ಯಾನಿಗೆ ಸುರಿಯೋವರೆಗೆ ಜಾಗ ಬಿಟ್ಟು ಏಳೋದಿಲ್ಲ. ಊಟ ಆರಿದರೆ ಆರಲಿ. ನೆಲಕ್ಕೆ ಚೆಲ್ಲಿದ್ದಕ್ಕೆ ಮಣ್ಣು ಅಥವಾ ಮರದ ಹೊಟ್ಟು ಹಾಕಿ ಗುಡಿಸಿ, ಆಮೇಲೆ ಸಾಕಷ್ಟು ನೀರು ಹಾಕಿ ತೊಳೆಯಿರಿ.

ಹಗರಿ ದಂಡೆ, ಬಳ್ಳಾರಿ | ಏಪ್ರಿಲ್ 15, ಬೆಳಿಗ್ಗೆ 8:10

ಅಕ್ಕ, ಓದಿದ ಕೂಡಲೇ ಹೋಗಿ ನೋಡಿದೆ. ತೊಳೆದ ನೀರೆಲ್ಲ ಕ್ಯಾನಿನಲ್ಲಿದೆ, ಮುಚ್ಚಳ ಹಾಕಿದೆ. ಆದರೆ ಟಬ್ಬಿನ ತಳದಲ್ಲಿ ಒಂದು ಲೋಟದಷ್ಟು ಉಳಿದಿತ್ತು, ಮೆಟ್ಟಿಲ ಕೆಳಗೆ, ತೆರೆದೇ. ಈಗ ಅದೂ ಕ್ಯಾನಿಗೆ. ಕ್ಯಾನಿನ ಮೇಲೆ ಮಾರ್ಕರ್‌ನಲ್ಲಿ ವಿಷ ಅಂತ ಬರೆದೆ.

ಕಾಕಾ, ಹೊಸ ಸಮಸ್ಯೆ. ಇವತ್ತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು. ಹಿತ್ತಾಳೆ ಚೊಂಬಿಂದ ನೀರು ಸುರಿದ ಹಾಗೆ. ಸಿಗ್ನಲ್‌ನಲ್ಲಿ ನಿಂತಾಗ ಹೀಟರ್ ಹಾಕಿ ನೋಡಿದೆ, ತಣ್ಣನೆ ಗಾಳಿ ಬರುತ್ತೆ. ಓಡುವಾಗ ಬಿಸಿ.

ಗ್ಯಾರೇಜ್ ಕಾಕಾ, ರಾಯಚೂರು | ಏಪ್ರಿಲ್ 15, ಮಧ್ಯಾಹ್ನ 1:40

ಗಾಳಿ ಸಿಕ್ಕಿಕೊಂಡಿದೆ. ಹೀಟರ್ ಕೋರು ಎತ್ತರದಲ್ಲಿರುತ್ತೆ, ಗಾಳಿ ಅಲ್ಲಿಗೇ ಹೋಗಿ ಕೂರುತ್ತೆ. ಸಮತಟ್ಟು ನೆಲದಲ್ಲಿ ತುಂಬಿಸಿದೆಯಾ? ಹಾಗಾದರೆ ಅದೇ.

ಹೇಗೂ ಇನ್ನೊಂದು ಸಲ ಖಾಲಿ ಮಾಡಬೇಕಲ್ಲ, ಆಗ ಸರಿ ಮಾಡು. ಖಾಲಿ ಮಾಡುವಾಗ ಸಮತಟ್ಟು ಇರಲಿ. ತುಂಬುವಾಗ ಕಾರಿನ ಮೂತಿ ಮೇಲಾಗಿರಲಿ, ಓಣಿಯ ಇಳಿಜಾರು ಸಾಕು. ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ದಪ್ಪ ಕಲ್ಲು ಕೊಡು. ಜಾಕ್ ಮೇಲೆ ನಿಲ್ಲಿಸಿ ಕೆಳಗೆ ತೂರಬೇಡ. ಎಂಜಿನ್ ಮೇಲಿನ ಪೈಪಿನಲ್ಲಿ ಬ್ಲೀಡ್ ತಿರುಪು ಇದೆಯಾ ಪುಸ್ತಕ ನೋಡು. ಇದ್ದರೆ ಸಡಿಲಿಸಿ, ಗುಳ್ಳೆ ನಿಂತು ಬರೀ ನೀರು ಬರೋವರೆಗೆ ಕಾದು ಬಿಗಿ ಮಾಡು.

ರೇಡಿಯೇಟರ್ ಬಾಯಿಗೆ ಲಾಳಿಕೆಯನ್ನು ಬಿಗಿಯಾಗಿ ಕೂರಿಸಿ, ಅದರಲ್ಲಿ ಅರ್ಧದಷ್ಟು ಕೂಲಂಟ್ ನಿಲ್ಲಿಸು. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡು, ಹೀಟರ್ ಪೂರ್ತಿ ಬಿಸಿಗೆ, ಎಸಿ ಆಫ್. ಮೇಲಿನ ದಪ್ಪ ಪೈಪನ್ನು ಕೈಯಲ್ಲಿ ಹಿಸುಕುತ್ತಿರು, ಬೆಲ್ಟಿನಿಂದ ದೂರ. ಮೊದಲು ತಣ್ಣಗಿರುತ್ತೆ. ಹತ್ತು ನಿಮಿಷಕ್ಕೆ ಒಮ್ಮೆಲೇ ಬಿಸಿಯಾಗುತ್ತೆ, ಆಗ ಥರ್ಮೋಸ್ಟ್ಯಾಟ್ ತೆರೆಯಿತು ಅಂತ. ಅದೇ ಹೊತ್ತಿಗೆ ಲಾಳಿಕೆಯ ಮಟ್ಟ ಬುಳುಕ್ ಅಂತ ಕುಸಿಯುತ್ತೆ, ಹೆದರಬೇಡ. ದೊಡ್ಡ ಗುಳ್ಳೆ ಮೇಲೆ ಬರುತ್ತೆ. ಮುಖ ಹತ್ತಿರ ಒಯ್ಯಬೇಡ. ಫ್ಯಾನ್ ಎರಡು ಸಲ ಬಂದು ನಿಲ್ಲಲಿ. ಹೀಟರ್ ಗಾಳಿ ಕೈ ಇಡಲಾರದಷ್ಟು ಬಿಸಿಯಾದರೆ ಗಾಳಿ ಹೋಯಿತು. ಎಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಲಾಳಿಕೆ ತೆಗೆ, ಬಾಯಿವರೆಗೆ ತುಂಬಿಸಿ ಕ್ಯಾಪ್ ಹಾಕು. ರಿಸರ್ವ್ ಡಬ್ಬಿ ಎರಡು ಗೆರೆಗಳ ನಡುವೆ ಇರಲಿ. ಮೂರು ದಿನ ಬೆಳಿಗ್ಗೆ ನೋಡು, ಸ್ವಲ್ಪ ಇಳಿಯುತ್ತೆ.

ಹೊಸಬ ತಮ್ಮಾ, ನೀನು ಇದನ್ನು ಓದುತ್ತಿದ್ದರೆ ಒಂದು ಮಾತು. ಬಿಸಿ ಎಂಜಿನ್‌ನ ಕ್ಯಾಪ್ ತೆಗೀಬೇಡ. ಬಟ್ಟೆ ಸುತ್ತಿ ಮೆಲ್ಲಗೆ ಅನ್ನೋದೂ ಬೇಡ. ನನ್ನ ಎಡಗೈ ಮೇಲೆ ಚರ್ಮದ ಬಣ್ಣ ಬೇರೆ ಆಗಿ ಹದಿನೆಂಟು ವರ್ಷವಾಯಿತು.

ಭತ್ತದ ಕಣಜ, ಗಂಗಾವತಿ | ಏಪ್ರಿಲ್ 15, ಸಂಜೆ 6:20

ಕ್ಯಾಪ್ ಅಂದಾಗ ನೆನಪಾಯಿತು. ನನ್ನ ಡೀಸೆಲ್ ಗಾಡಿಯಲ್ಲಿ ರಿಸರ್ವ್ ಡಬ್ಬಿ ತುಂಬಿ ಹೊರಗೆ ಚೆಲ್ಲುತ್ತೆ, ರೇಡಿಯೇಟರ್ ಮಾತ್ರ ಕಡಿಮೆ. ದಿನಾ ಹೀಗೆ. ಎಂಜಿನ್ ಹೆಡ್ಡು, ಬ್ಲಾಕ್ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಪ್ಪತ್ತು ಸಾವಿರ ಅಂದರು ಒಬ್ಬರು.

ಗ್ಯಾರೇಜ್ ಕಾಕಾ, ರಾಯಚೂರು | ಏಪ್ರಿಲ್ 15, ರಾತ್ರಿ 8:50

ಮೊದಲು ಕ್ಯಾಪ್ ಬದಲಿಸಿ. ಅದರಲ್ಲಿ ಎರಡು ವಾಲ್ವ್ ಇರುತ್ತೆ. ದೊಡ್ಡದು ಒತ್ತಡ ಜಾಸ್ತಿಯಾದಾಗ ಡಬ್ಬಿಗೆ ಬಿಡುತ್ತೆ. ನಡುವಿನ ಸಣ್ಣದು ತಣ್ಣಗಾದಾಗ ವಾಪಸ್ ಎಳೆದುಕೊಳ್ಳುತ್ತೆ. ಸುಣ್ಣ ಕಟ್ಟಿ ಸಣ್ಣದು ಸಿಕ್ಕಿಕೊಂಡರೆ ನೀವು ಹೇಳಿದ ಹಾಗೇ ಆಗುತ್ತೆ, ಒಮ್ಮೊಮ್ಮೆ ಮೇಲಿನ ಪೈಪು ಬೆಳಿಗ್ಗೆ ಚಪ್ಪಟೆಯಾಗಿ ಒಳಗೆ ಹೀರಿಕೊಂಡಿರುತ್ತೆ. ಹಳೇ ಕ್ಯಾಪಿನ ಮೇಲೆ 0.9 ಅಥವಾ 1.1 ಅಂತ ಒತ್ತಿರುತ್ತಾರೆ, ಅದೇ ಅಂಕಿಯದ್ದು ತಗೊಳ್ಳಿ. ಜಾಸ್ತಿ ಇದ್ದರೆ ಒಳ್ಳೇದಲ್ವಾ ಅಂತ ಹೆಚ್ಚಿನದು ಹಾಕಿದರೆ ಹಳೇ ಪ್ಲಾಸ್ಟಿಕ್ ಟ್ಯಾಂಕು ಸೀಳುತ್ತೆ.

ಕ್ಯಾಪ್ ಬದಲಿಸಿದ ಮೇಲೂ ಚೆಲ್ಲಿದರೆ, ತಣ್ಣಗಿನ ಎಂಜಿನ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ ನೋಡಿ. ಗುಳ್ಳೆ ನಿಲ್ಲದೆ ಬರುತ್ತಿದ್ದರೆ, ಆಯಿಲ್ ಕಡ್ಡಿಯಲ್ಲಿ ಹಾಲಿನ ಕೆನೆಯ ಥರ ಕಂಡರೆ, ಆಗ ಗ್ಯಾಸ್ಕೆಟ್ ಮಾತಾಡೋಣ.

ಮತ್ತೆ ನೀವು ಗಂಗಾವತಿಯವರು. ಕೊಯ್ಲು ಆದ ಮೇಲೆ ರೇಡಿಯೇಟರ್ ಮುಂದೆ ಟಾರ್ಚ್ ಹಾಕಿ ನೋಡಿದ್ದೀರಾ?

ಭತ್ತದ ಕಣಜ, ಗಂಗಾವತಿ | ಏಪ್ರಿಲ್ 17, ಬೆಳಿಗ್ಗೆ 11:15

ಕಾಕಾ, ಕ್ಯಾಪಿಗೆ 180 ರೂಪಾಯಿ. ಎರಡು ದಿನದಿಂದ ಡಬ್ಬಿ ಚೆಲ್ಲಿಲ್ಲ. ಇಪ್ಪತ್ತು ಸಾವಿರ ಹೇಳಿದವರ ಅಂಗಡಿ ಮುಂದೆ ಇವತ್ತು ಎರಡು ಸಲ ಸುಮ್ನೆ ಓಡಾಡಿದೆ.

ಟಾರ್ಚ್ ಹಾಕಿ ನೋಡಿದೆ. ಮುಂದಿನ ಎಸಿ ಕಂಡೆನ್ಸರ್ ಸ್ವಚ್ಛ. ಅದರ ಹಿಂದೆ, ರೇಡಿಯೇಟರ್ ನಡುವಿನ ಸಂದಿಯಲ್ಲಿ ಹೊಟ್ಟು, ಹುಲ್ಲಿನ ಚೂರು, ಧೂಳು ಸೇರಿ ಬೆರಳು ದಪ್ಪದ ಚಾಪೆ. ಹೊರಗಿನಿಂದ ಕಾಣೋದೇ ಇಲ್ಲ. ಬೆರಣಿ ಥರ ಎತ್ತಿ ತೆಗೆದೆ.

ಗ್ಯಾರೇಜ್ ಕಾಕಾ, ರಾಯಚೂರು | ಏಪ್ರಿಲ್ 17, ಮಧ್ಯಾಹ್ನ 1:05

ಉಳಿದದ್ದಕ್ಕೆ ಎಂಜಿನ್ ಕಡೆಯಿಂದ ಹೊರಗಿನ ಕಡೆಗೆ ಮೆಲ್ಲಗೆ ನೀರು ಬಿಡಿ. ವಾಷಿಂಗ್ ಸೆಂಟರಿನ ಪ್ರೆಷರ್ ಗನ್ ಹಿಡಿಸಬೇಡಿ, ರೆಕ್ಕೆಗಳೆಲ್ಲ ಮಡಚಿಕೊಳ್ಳುತ್ತವೆ. ಸಂಡೂರಿನವರಿಗೂ ಇದೇ ಮಾತು, ಅಲ್ಲಿ ಹೊಟ್ಟಿನ ಬದಲು ಅದಿರು.

ಸಂಡೂರು ಧೂಳು, ಸಂಡೂರು | ಏಪ್ರಿಲ್ 17, ಮಧ್ಯಾಹ್ನ 3:30

ತೊಳೆದೆ. ಹೊರಗೆ ಬಂದ ನೀರು ನೋಡಿ ನಮ್ಮ ಹುಡುಗ ಕುಂಕುಮ ಅಂದ. ಥರ್ಮೋಸ್ಟ್ಯಾಟ್ ಆರ್ಡರ್ ಮಾಡಿದ್ದೇನೆ.

ಬಣ್ಣದ ಬಗ್ಗೆ ಯಾರಾದರೂ ಹೇಳಿ. ನನ್ನದು ಈಗ ಹಸಿರು. ಅಂಗಡಿಯಲ್ಲಿ ಗುಲಾಬಿಯೂ ಇದೆ, ನೀಲಿಯೂ ಇದೆ. ಹಸಿರಿಗೆ ಹಸಿರೇ ಹಾಕಿದರೆ ಸರಿ ತಾನೇ?

ಶಕ್ತಿನಗರ ಪಾಳಿ, ರಾಯಚೂರು | ಏಪ್ರಿಲ್ 17, ರಾತ್ರಿ 10:00

ಬಣ್ಣ ಬರೀ ಬಣ್ಣ. ಎಲ್ಲ ಕಂಪನಿಗಳಿಗೂ ಒಂದೇ ಬಣ್ಣದ ನಿಯಮ ಇಲ್ಲ. ಇಬ್ಬರ ಹಸಿರು ಡಬ್ಬಿಯಲ್ಲಿ ಎರಡು ಬೇರೆ ರಸಾಯನ ಇರಬಹುದು. ಜಪಾನಿ ತಯಾರಕರು ಸಾಮಾನ್ಯವಾಗಿ ಸಿಲಿಕೇಟ್ ಬೇಡ ಅಂತಾರೆ, ಪಂಪಿನ ಸೀಲ್ ಸವೆಯುತ್ತೆ ಅಂತ. ಫಾಸ್ಫೇಟ್ ಹಾಕುತ್ತಾರೆ. ಯುರೋಪಿನವರು ಉಲ್ಟಾ, ಅಲ್ಲಿಯ ನೀರು ಗಡಸು, ಫಾಸ್ಫೇಟ್ ಸುಣ್ಣದ ಜೊತೆ ಸೇರಿ ಗಟ್ಟಿ ಕೂರುತ್ತೆ ಅಂತ ಅದನ್ನು ಬಿಟ್ಟರು. ನಮ್ಮ ಬೋರಿನ ನೀರಿಗೆ ಜಪಾನಿ ಕೂಲಂಟ್ ಬೆರೆಸಿದರೆ ಏನಾಗುತ್ತೆ ಅಂತ ನೀವೇ ಊಹಿಸಿ. ಕಾರಿನ ಪುಸ್ತಕದಲ್ಲಿ ಯಾವ ಮಾದರಿ ಅಂತ ಬರೆದಿರುತ್ತೆ, ಡಬ್ಬಿಯ ಹಿಂದೆ ಅದೇ ಇದೆಯಾ ನೋಡಿ. ಬದಲಿಸೋ ಕಾಲವೂ ಪುಸ್ತಕದಲ್ಲೇ ಇರುತ್ತೆ.

ಹಗರಿ ದಂಡೆ, ಬಳ್ಳಾರಿ | ಏಪ್ರಿಲ್ 20, ಸಂಜೆ 5:45

ಮುಗಿಸಿದೆ. ಈ ಸಲ ನಿಜವಾಗಿ.

ಕೆಲಸ ಶುರು ಮಾಡೋ ಮುಂಚೆ ಕಾಕಾ ಲೆಕ್ಕ ಸರಿಯಾ ಅಂತ ಒಂದು ಪರೀಕ್ಷೆ ಮಾಡಿದೆ, ಕ್ಷಮಿಸಿ ಕಾಕಾ. ಡಿಸ್ಟಿಲ್ಡ್ ನೀರು ಕೊಟ್ಟ ಬ್ಯಾಟರಿ ಅಂಗಡಿಯವರ ಹತ್ತಿರ ರಿಫ್ರ್ಯಾಕ್ಟೋಮೀಟರ್ ಇತ್ತು. ಬ್ಯಾಟರಿ ಆಸಿಡ್ ನೋಡೋಕೆ ಇಟ್ಟುಕೊಂಡಿದ್ದು. ಅದರೊಳಗೇ ಪಕ್ಕದಲ್ಲಿ ಗ್ಲೈಕಾಲ್ ಅಳತೆಯೂ ಇದೆ, ಅವರು ಅದನ್ನು ಒಂದು ಸಲವೂ ಗಮನಿಸಿರಲಿಲ್ಲ. ಗಾಜಿನ ಮೇಲೆ ಒಂದು ಹನಿ ಬಿಟ್ಟು, ಮುಚ್ಚಳ ಒತ್ತಿ, ಬೆಳಕಿಗೆ ಹಿಡಿದು ನೋಡಬೇಕು. ಮೇಲೆ ನೀಲಿ, ಕೆಳಗೆ ಬಿಳಿ, ನಡುವೆ ಗೆರೆ. ಗೆರೆ ಮೈನಸ್ 14 ಡಿಗ್ರಿಯ ಹತ್ತಿರ ನಿಂತಿತ್ತು, ಅಷ್ಟಕ್ಕೆ ಹೆಪ್ಪುಗಟ್ಟುತ್ತೆ ಅಂತ. ಅಂದರೆ ಶೇ. 28ರ ಆಸುಪಾಸು. ಏಪ್ರಿಲ್ ಮಧ್ಯಾಹ್ನ ಬಳ್ಳಾರಿಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಮೈನಸ್ 14 ಓದಿದವನು ನಾನೊಬ್ಬನೇ ಇರಬೇಕು.

ಭತ್ತದ ಕಣಜ, ಗಂಗಾವತಿ | ಏಪ್ರಿಲ್ 20, ಸಂಜೆ 6:02

ಒಂದು ತಕರಾರು. ನಮ್ಮ ಗಾಡಿ ಪುಸ್ತಕದಲ್ಲಿ ಹೆಪ್ಪುಗಟ್ಟದ ಊರಿಗೆ ಕನಿಷ್ಠ ಶೇ. 30 ಸಾಕು ಅಂತಿದೆ. 28ಕ್ಕೂ 30ಕ್ಕೂ ಏನು ಮಹಾ? ಸುಮ್ನೆ ಎರಡನೇ ಸಲ ಖರ್ಚು.

ಗ್ಯಾರೇಜ್ ಕಾಕಾ, ರಾಯಚೂರು | ಏಪ್ರಿಲ್ 20, ಸಂಜೆ 6:30

ಕನಿಷ್ಠ ಅಂದರೆ ಅದಕ್ಕಿಂತ ಕೆಳಗೆ ಇಳಿಯಬೇಡ ಅಂತ. ಅಲ್ಲಿಂದ ಶುರು ಮಾಡಿದರೆ ದಾರಿಯಲ್ಲಿ ಒಂದು ಲೀಟರ್ ನೀರು ತುಂಬಿಸಿದ ದಿನವೇ ಇಪ್ಪತ್ತಮೂರರ ಹತ್ತಿರಕ್ಕೆ ಬಂದೆವು. ತುಕ್ಕು ತಡೆಯೋ ಮದ್ದು ಕೂಲಂಟಿನಲ್ಲೇ ಇರೋದು, ಅದೂ ಅಷ್ಟೇ ತೆಳುವಾಗುತ್ತೆ. ಅವನ ಪುಸ್ತಕದಲ್ಲಿ 50 ಇದ್ದರೆ 50.

ಹಗರಿ ದಂಡೆ, ಬಳ್ಳಾರಿ | ಏಪ್ರಿಲ್ 20, ಸಂಜೆ 7:10

50 ಅಂತಲೇ ಇದೆ ಕಾಕಾ. ಲೆಕ್ಕ ಹೀಗೆ ಮಾಡಿದೆ. 2.6 ಲೀಟರ್ ಹೊರಗೆ ತೆಗೆದೆ. ಒಳಗೆ ಉಳಿದ 2 ಲೀಟರಿನಲ್ಲಿ ಶೇ. 28, ಅಂದರೆ ಅಸಲಿ 0.56 ಲೀಟರ್ ಇದ್ದೇ ಇತ್ತು. ಬೇಕಾದದ್ದು 2.3. ಹಾಗಾಗಿ ಅದೇ ಮಾದರಿಯ ಕಾನ್ಸನ್‌ಟ್ರೇಟ್ 1.75 ಲೀಟರ್, ಮೇಲೆ 0.85 ಡಿಸ್ಟಿಲ್ಡ್ ನೀರು. ಮೂತಿ ಮೇಲೆ ಮಾಡಿ ನಿಲ್ಲಿಸಿ, ಲಾಳಿಕೆ ಇಟ್ಟು ಓಡಿಸಿದೆ. ನೀವು ಹೇಳಿದ ಬುಳುಕ್ ಬಂತು. ಅಷ್ಟು ದೊಡ್ಡ ಗುಳ್ಳೆ ಅಂತ ಹೇಳಿರಲಿಲ್ಲ, ಹಿಂದೆ ಹಾರಿದೆ. ಹೀಟರ್ ಈಗ ಇಸ್ತ್ರಿ ಪೆಟ್ಟಿಗೆ. ತಣ್ಣಗಾದ ಮೇಲೆ ಮತ್ತೆ ಹನಿ ಹಾಕಿ ನೋಡಿದೆ, ಮೈನಸ್ 36. ಅಂಗಡಿಯವರೂ ಇಣುಕಿ ನೋಡಿದರು.

ವಿಷದ ಕ್ಯಾನನ್ನು ಒಂದು ಸರ್ವಿಸ್ ಸೆಂಟರಿಗೆ ಒಯ್ದೆ. ಮೊದಲು ಹಳೇ ಆಯಿಲ್ ಡ್ರಮ್ಮಿಗೆ ಸುರಿದುಬಿಡಿ ಅಂದರು. ಆಯಿಲ್‌ಗೆ ಇದು ಬೆರೆತರೆ ಆಯಿಲೂ ಕೆಡುತ್ತೆ ಅಂತ ಅಲ್ಲಿದ್ದ ಹಿರಿಯ ಮೆಕ್ಯಾನಿಕ್ಕೇ ತಡೆದು, ಬೇರೆ ಡಬ್ಬಿ ತೋರಿಸಿದರು.

ಕುಷ್ಟಗಿ ಅಕ್ಕ, ಕುಷ್ಟಗಿ | ಏಪ್ರಿಲ್ 20, ಸಂಜೆ 7:25

ಒಳ್ಳೇದಾಯಿತು. ಟಬ್ಬು?

ಹಗರಿ ದಂಡೆ, ಬಳ್ಳಾರಿ | ಏಪ್ರಿಲ್ 20, ಸಂಜೆ 7:28

ತೊಳೆದು ಬೋರಲು ಹಾಕಿದ್ದೇನೆ ಅಕ್ಕ.

ಗ್ಯಾರೇಜ್ ಕಾಕಾ, ರಾಯಚೂರು | ಏಪ್ರಿಲ್ 20, ಸಂಜೆ 7:40

ಹಿಂದಿನ ಚಕ್ರದ ಕಲ್ಲು ತೆಗೆದೆಯಾ ತಮ್ಮಾ?

ಹಗರಿ ದಂಡೆ, ಬಳ್ಳಾರಿ | ಏಪ್ರಿಲ್ 20, ರಾತ್ರಿ 8:15

ಕಾರು ತೆಗೆದುಕೊಂಡು ಹೋದೆ, ಕಲ್ಲು ಓಣಿ ನಡುವೆಯೇ ಇತ್ತು. ನೀವು ಕೇಳಿದ ಮೇಲೆ ಓಡಿದೆ. ಪಕ್ಕದ ಮನೆ ಅಜ್ಜಿ ಅಷ್ಟರಲ್ಲಿ ಅದನ್ನು ಎತ್ತಿ ತಮ್ಮ ಬಟ್ಟೆ ಒಗೆಯೋ ಜಾಗಕ್ಕೆ ಹಾಕಿಕೊಂಡಿದ್ದಾರೆ. ಕೊಡಲ್ಲ ಅಂತಿದ್ದಾರೆ.